ಕಂಬಳಿ ಹೊದ್ದು ಜೀವಕೋಶ ನೋಡುವವನು

ಸೂಕ್ಷ್ಮದರ್ಶಕದ ಮುಂದೆ ಕೂತರೆ ಹಣಮೇಶ ತನ್ನನ್ನೂ ಯಂತ್ರವನ್ನೂ ಸೇರಿಸಿ ಕರಿ ಕಂಬಳಿ ಹೊದ್ದುಬಿಡುತ್ತಾನೆ. ಹೊರಗಿನ ಬೆಳಕು ನುಸುಳದಿರಲೆಂದು ಬಾಗಲಕೋಟೆಯ ನಮ್ಮ ಪ್ರಯೋಗಾಲಯಕ್ಕೆ ದುಬಾರಿ ಪರದೆ ತರಿಸಿದ್ದೇವೆ. ಗುಡೂರಿನ ಕುರಿಗಾರರ ಮನೆತನದ ಈ ವಿಜ್ಞಾನಿಗೆ ಅಪ್ಪನ ಕಂಬಳಿಯೇ ಆಗಬೇಕು. ಅದರ ಉಣ್ಣೆಯ ವಾಸನೆ ನನಗೆ ಆಗದು. ಅದರೊಳಗಿಂದ ಅವನು ಹೊರತರುವ ಚಿತ್ರಗಳಂತೂ ಇನ್ನೂ ಆಗವು.

ನಮ್ಮಿಬ್ಬರದೂ ಒಂದೇ ಕೆಲಸ: ಜೀವಂತ ಕೋಶದೊಳಗೆ ಹೊಕ್ಕು, ಕ್ಯಾಲ್ಸಿಯಂ ಅಯಾನು ಸಿಕ್ಕೊಡನೆ ಹಸಿರಾಗಿ ಹೊಳೆದು ಅದರ ಸುಳಿವು ಕೊಡುವ ಬಣ್ಣಗಳನ್ನು ತಯಾರಿಸುವುದು. ನಾನು ಹನ್ನೊಂದು ವರ್ಷ ಹಿರಿಯ. ಅವನ ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಏನು ಹೇಳಿದರೂ "ನೋಡೂಣ್ರಿ" ಎನ್ನುತ್ತಾನೆ ಮತ್ತು, ನನ್ನ ಗ್ರಹಚಾರ, ನಿಜಕ್ಕೂ ನೋಡುತ್ತಾನೆ.

ಒಂಬತ್ತು ವರ್ಷ ಒದ್ದಾಡಿ ನಾನು ಮಾಡಿದ ಬಣ್ಣ ಕಳೆದ ಶ್ರಾವಣದಲ್ಲಿ ಕೋಶದೊಳಗೆ ಹೊಳೆಯಿತು. ಆ ಪ್ರಖರ, ನಿಶ್ಚಲ ಹಸಿರನ್ನು ಕಂಡು ಕಣ್ಣು ತುಂಬಿ ಬಂತು. ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸಿ, ಪ್ರಬಂಧವನ್ನು ಪತ್ರಿಕೆಗೆ ಕಳಿಸಿಬಿಟ್ಟೆ. ಹಣಮೇಶ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, "ಸರ, ಒಂದೂ ಮಿಣುಕವಲ್ಲವು. ಇವು ಜೀವಂತ ಅದಾವೇನ್ರಿ?" ಎಂದ.

"ಹೊಟ್ಟಿಕಿಚ್ಚ ನಿನಗ," ಎಂದೆ.

ಸತ್ತ ಕೋಶಕ್ಕೆ ಮಾತ್ರ ಹತ್ತುವ ನೀಲಿ ದ್ರಾವಣದ ಸೀಸೆಯನ್ನು ಅವನು ಮರುದಿನ ನನ್ನ ಕೈಗಿಟ್ಟು ಹೊರನಡೆದ. ಒಬ್ಬನೇ ಕೂತು ಒಂದು ಹನಿ ಬಿಟ್ಟೆ, ಎಲ್ಲವೂ ನೀಲಿಯಾದವು. ಬದುಕಿರುವ ಕೋಶದಲ್ಲಿ ಅಯಾನು ಏರಿಳಿಯುತ್ತದೆ, ಅದರೊಂದಿಗೆ ಬೆಳಕೂ ಮಿಣುಕುತ್ತದೆ. ನನ್ನ ಬಣ್ಣ ಕೋಶಗಳನ್ನು ಕೊಂದಿತ್ತು. ಹರಿದ ಪೊರೆಯೊಳಗೆ ಹೊರಗಿನ ಕ್ಯಾಲ್ಸಿಯಂ ನುಗ್ಗಿದ್ದರಿಂದ ಅಷ್ಟು ಹೊಳಪು. ನಾನು ಹೆಣಗಳ ಚಿತ್ರ ತೆಗೆದು ಹಿಗ್ಗಿದ್ದೆ.

ಪ್ರಬಂಧವನ್ನು ಹಿಂದಕ್ಕೆ ಪಡೆದೆ. ವಿಭಾಗದ ಮುಖ್ಯಸ್ಥೆ ಮಹೇಶ್ವರಿಯವರು ಎಲ್ಲರೆದುರು, ತಪ್ಪು ಕಂಡುಹಿಡಿದವರಾರೆಂದು ಕೇಳಿದರು. ಹಣಮೇಶ, "ಸರ ತಾವ ನೀಲಿ ಹಾಕಿ ನೋಡ್ಯಾರ್ರಿ," ಎಂದ. ಅದು ಸುಳ್ಳೇನಲ್ಲ, ಸೀಸೆಯನ್ನು ನನ್ನ ಕೈಗಿಟ್ಟು ಯಾಕೆ ಹೋಗಿದ್ದನೆಂದು ಆಗ ತಿಳಿಯಿತು. ಮೇಡಮ್ಮನವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು. ಇಂದಿಗೂ ನಿಜ ಹೇಳಿಲ್ಲ.

ಗೆದ್ದು ಬೀಗುವವರನ್ನು ಹೇಗೋ ಸಹಿಸಬಹುದು. ಅವರ ಜಂಬವೇ ನಮ್ಮ ಮತ್ಸರಕ್ಕೊಂದು ಸಮರ್ಥನೆ ಒದಗಿಸುತ್ತದೆ. ಹಣಮೇಶನಂಥವರು ಅಷ್ಟನ್ನೂ ನಮಗೆ ಬಿಡುವುದಿಲ್ಲ. ನಮ್ಮ ಮಾನ ಕಾಯ್ದು, ಏನೂ ನಡೆದಿಲ್ಲವೆಂಬಂತೆ ತಮ್ಮ ಕೆಲಸಕ್ಕೆ ಹೊರಟುಬಿಡುತ್ತಾರೆ. ಅವರ ಮೇಲೆ ಉರಿದುಕೊಳ್ಳಲು ನಮಗೆ ಉಳಿಯುವುದು ಅವರ ಒಳ್ಳೆಯತನವೊಂದೇ.