ನಲವತ್ತೊಂದನೆಯ ಕುಂಡ

ನಲವತ್ತೊಂದರ ಎದುರಿಗೆ ಅವನು ಒಂದು, ಎಂದು ಬರೆದುಬಿಟ್ಟ. ಐದಾರು ದಿನ ಮಾಡಿದರೆ ಕಳ್ಳತನವೂ ಕಚೇರಿ ಕೆಲಸದಂತೆ ಅಭ್ಯಾಸವಾಗಿಬಿಡುತ್ತದೆ.

ಬುಡ ಮುಳುಗುವಷ್ಟು ನೀರಿನಲ್ಲಿ ಹತ್ತು ದಿನ ನಿಲ್ಲಿಸಿದ ಸೋಯಾಬೀನ್ ಗಿಡ ಹಸಿರಾಗೇ ಉಳಿದರೆ ಒಂದು, ಸತ್ತರೆ ಐದು. ಇಬ್ಬರು ಸಂಶೋಧನಾ ಕೇಂದ್ರದ ಗಾಜಿನ ಮನೆಯ ಎರಡು ತುದಿಯಿಂದ ಹೊರಟು, ತುಟಿಪಿಟಕ್ಕೆನ್ನದೆ, ಇನ್ನೊಬ್ಬರ ಹಾಳೆ ನೋಡದೆ ಅಂಕ ಹಾಕಬೇಕು. ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವನ ಹೆಂಡತಿ. ಈ ನಿಯಮ ಮನೆಯೊಳಕ್ಕೂ ಬಂದು ಎಷ್ಟು ದಿನವಾಯಿತೋ ಅವನಿಗೆ ನೆನಪಿಲ್ಲ.

ನಲವತ್ತೊಂದು ಅವಳ ತಳಿ. ನಾಲ್ಕು ವರ್ಷ ಚಿಮಟ ಹಿಡಿದು, ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಿ ಮಾಡಿದ್ದು. ಬೇರೆ ಊರಿಗೆ ತನ್ನ ವರ್ಗಾವಣೆಯ ಕಾಗದ ಬಂದ ದಿನ ಅಂದಿದ್ದಳು: "ನಲವತ್ತೊಂದು ಉಳಿದ್ರೆ ಇರ್ತೀನಿ. ಇಲ್ದಿದ್ರೆ ಇಲ್ಲಿ ನನಗೇನಿದೆ?"

ಅವನು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದ. ಮಾತು ಬಿಸಿಯಾದಾಗಲೆಲ್ಲ ಅದೇ ಅವನ ಪದ್ಧತಿ. ಮರುದಿನದಿಂದ, ಎಲ್ಲರೂ ಹೋದ ಮೇಲೆ, ಆ ಕುಂಡದ ತಳದ ಬಿರಡೆ ಎಳೆದು ನೀರು ಬಸಿದು ಮತ್ತೆ ಮುಚ್ಚತೊಡಗಿದ.

ನಡುವಿನ ಸಾಲಿನಲ್ಲಿ ಇಬ್ಬರೂ ಎದುರಾದರು. ನೀರು ಹಾಕುವ ಮುದುಕ ಅಲ್ಲೇ ಕೊಡ ಇಳಿಸಿದ.

"ಅಮ್ಮಾ, ನಿಮ್ಮ ನಲವತ್ತೊಂದಕ್ಕೆ ಭಾರೀ ದಾಹ. ಬೆಳಿಗ್ಗೆ ಬಂದ್ರೆ ತೊಟ್ಟು ನೀರಿರಲ್ಲ, ಇವತ್ತೂ ಅಷ್ಟೇ. ತುಂಬಿಸಿ ತುಂಬಿಸಿ ಸಾಕಾಯ್ತು."

ನಗುತ್ತಲೇ ಹೇಳಿ, ಕೊಡ ಅಲ್ಲೇ ಬಿಟ್ಟು ಮುದುಕ ಮುಂದೆ ಹೋದ. ಅವಳು ನಗಲಿಲ್ಲ. ಬಗ್ಗಿ ಬಿರಡೆಯನ್ನು ಬೆರಳಿನಿಂದ ಮುಟ್ಟಿದಳು. ಅವನಿಗೆ ಭಯವಾಯಿತು.

"ಯಾವಾಗಿಂದ?" ಎಂದಳು.

"ಏನು?"

"ಯಾವಾಗಿಂದ ಅಂದೆ."

"ಐದನೇ ದಿನದಿಂದ... ಎಲೆ ಸ್ವಲ್ಪ ಹಳದಿ ಆಗಿತ್ತು."

ಅವಳು ಪಕ್ಕದ ಕುಂಡವನ್ನು ಎಳೆದುಕೊಂಡಳು. ನಲವತ್ತನೆಯದು, ಎಲೆಗಳು ಹಳದಿ, ನೋಡಲು ಬಡಪಾಯಿ. ಆದರೆ ನೀರಿನ ಅಂಚಿನಲ್ಲಿ, ಕಾಂಡದ ಸುತ್ತ, ಬಿಳಿಯ ಹೊಸ ಬೇರುಗಳು ಗಾಳಿ ಹುಡುಕುತ್ತ ಹೊರಟಿದ್ದವು. ನಲವತ್ತೊಂದರ ಕಾಂಡ ನುಣ್ಣಗೆ, ಬೋಳಾಗಿತ್ತು.

"ನೀರಲ್ಲೇ ನಿಂತಿದ್ರೆ ಇದಕ್ಕೂ ಬೇರು ಬರ್ತಿತ್ತೋ ಏನೋ," ಎಂದಳು. "ಈಗ ಹೇಗೆ ಗೊತ್ತಾಗುತ್ತೆ?"

"ಬೀಜ ಇನ್ನೂ ಇದೆಯಲ್ಲ. ಮತ್ತೆ ಹಾಕೋಣ."

"ಹಾಕಿ. ನೀವೇ ಹಾಕಿ."

"ನೀನು ಹೋಗಬಾರ್ದು ಅಂತಲೇ..."

"ಅದನ್ನ ನನಗೆ ಹೇಳ್ಬೇಕಿತ್ತು ಕಣ್ರೀ. ಒಂದು ಸಲ. ಬಾಯಿ ಬಿಟ್ಟು."

ಹೇಳಲು ಈಗಲೂ ಹೊತ್ತಿತ್ತು. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು, ಅವಳು ನಿಧಾನವಾಗಿಯೇ ನಡೆದಳು. ಅವನು ಹಾಳೆಯಲ್ಲಿ ಒಂದನ್ನು ಹೊಡೆದುಹಾಕಿ, ಯಾವ ಅಂಕ ಬರೆಯಬೇಕೆಂದು ಯೋಚಿಸುತ್ತ ನಿಂತ. ಬಾಗಿಲು ಮುಚ್ಚಿಕೊಂಡಿತು.

ಕೊಡ ಎತ್ತಿ ನಲವತ್ತೊಂದಕ್ಕೆ ನೀರು ಸುರಿದ, ನಿಯಮದ ಪ್ರಕಾರ ಮಣ್ಣಿನ ಮೇಲೆ ಎರಡು ಬೆರಳು. ಅಳೆಯಲು ಅದ್ದಿದ ಬೆರಳನ್ನು ತೆಗೆಯಲಾಗಲಿಲ್ಲ. ಮಣ್ಣಿನೊಳಗಿಂದ ಒಂದು ಗುಳ್ಳೆ ಎದ್ದು ಒಡೆಯಿತು. ಇನ್ನೊಂದು. ತುಸು ತಡೆದು ಮತ್ತೊಂದು.

ಅವನು ಉಸಿರು ಬಿಗಿಹಿಡಿದು ಮುಂದಿನದಕ್ಕಾಗಿ ಕಾಯತೊಡಗಿದ. ನೀರು ನಿಶ್ಚಲವಾಗಿತ್ತು.