ಕಟ್ಟೆಯ ಮೇಲಿನ ಕಪಾಟು

"ಇಷ್ಟೆತ್ತರದ ಕಟ್ಟೆ ಯಾಕಮ್ಮಾ, ಮದುಮಗಳನ್ನ ಕೂರಿಸೋದಕ್ಕಾ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಖದ್ದೂಜಾ ಕೇಳಿದಳು.

"ನಿಂತು ಅಡುಗೆ ಮಾಡೋದಕ್ಕೆ, ಅತ್ತೆಮ್ಮ. ನಿಂತು!" ಎಂದಳು ದಲಂದಾ.

ಸ್ಫಾಕ್ಸ್ ಊರಿನ ಈ ಹಳೇ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಬೇಯಿಸಿದ್ದೆಲ್ಲ ನೆಲದಲ್ಲೇ. ನೆಲದ ಮೇಲೆ ಗ್ಯಾಸ್ ಒಲೆ, ಅದರೆದುರು ಗಿಡ್ಡ ಮಣೆ. ಎದ್ದರೆ ಸೊಂಟ ಹಿಡಿಯುತ್ತಿತ್ತು, ಕೂತರೆ ಮಂಡಿ. ರಂಜಾನಿಗೆ ಮುಂಚೆ ಎಲ್ಲರ ಅಡುಗೆಮನೆಗೂ ಸುಣ್ಣ ಬೀಳುತ್ತದೆ, ಒಂದೆರಡು ಹೊಸ ಪಾತ್ರೆ ಬರುತ್ತವೆ. ಈ ಸಲ ತನಗೆ ಪಾತ್ರೆ ಬೇಡ, ಕಟ್ಟೆ ಬೇಕು ಅಂತ ಅವಳು ಹಟ ಹಿಡಿದಿದ್ದಳು. ಕೈಯಲ್ಲಿದ್ದ ದುಡ್ಡು ಕಟ್ಟೆಗೇ ಸಾಲದು. ಹಾಗಾಗಿ ಟೈಲ್ಸು ಯಾರದೋ ಬಚ್ಚಲಿಗೆ ಹಾಕಿ ಮಿಕ್ಕಿದ್ದು. ಗೋಡೆ ಕಪಾಟು ಗುಜರಿಯದು, ಅದಕ್ಕೆ ಅವಳೇ ಹಸಿರು ಬಣ್ಣ ಬಳಿದಿದ್ದಳು.

ನಾಳೆಯಿಂದ ಉಪವಾಸ. ಇವತ್ತು ಸಂಜೆ ಮೈದುನರ ಸಂಸಾರಗಳೆಲ್ಲ ಕೂಸ್ಕೂಸ್ ಊಟಕ್ಕೆ, ಹಬೆಯಲ್ಲಿ ಬೇಯಿಸಿದ ಗೋಧಿ ರವೆಯೂಟಕ್ಕೆ, ಬರುವವರು.

"ಕಪಾಟಿನ ಕೆಳಗೆ ಕೂಸ್ಕೂಸ್ ಪಾತ್ರೆ ಹಿಡಿಯುತ್ತೇನೋ ಲಝ್ಹರ್?" ಮುದುಕಿ ಮೇಸ್ತ್ರಿಯನ್ನು ಕೇಳಿದಳು.

"ಅಳತೆ ತಗೊಂಡೇ ಕಪಾಟು ಹೊಡೆದಿದ್ದೀನಮ್ಮ. ಎರಡಂತಸ್ತೂ ಕೂತ ಮೇಲೆ ನಾಲ್ಕು ಬೆರಳು ಜಾಗ ಮಿಗುತ್ತೆ."

ಸುಳ್ಳಲ್ಲ. ಕಟ್ಟೆಯ ಮೇಲೆ ಒಲೆ, ಕೆಳಗಿನ ಪಾತ್ರೆಯಲ್ಲಿ ಮಾಂಸದ ಸಾರು, ಅದರೊಳಗೆ ಕಚ್ಚಿ ಕೂತ ತೂತಿನ ಪಾತ್ರೆಯಲ್ಲಿ ಕೂಸ್ಕೂಸ್, ಅದಕ್ಕೂ ಕಪಾಟಿಗೂ ನಡುವೆ ಸರಿಯಾಗಿ ನಾಲ್ಕು ಬೆರಳು. ದಲಂದಾ ಗೆದ್ದವಳ ಹಾಗೆ ಅತ್ತೆಯತ್ತ ನೋಡಿದಳು.

ಹಬೆ ಬಂತು. ಇನ್ನು ಮೇಲಿನ ಪಾತ್ರೆ ಎತ್ತಿ, ಹರಿವಾಣಕ್ಕೆ ಸುರಿದು, ಗಂಟು ಬಿಡಿಸಿ, ಮತ್ತೆ ಹಬೆಗಿಡಬೇಕು. ಕಿವಿ ಹಿಡಿದು ಎತ್ತಿದಳು. ಠಕ್! ಓರೆ ಮಾಡಿ ಎತ್ತಿದಳು. ಮತ್ತೆ ಠಕ್. ಕಪಾಟಿನ ತಳದ ಹಸಿರು ಬಣ್ಣ ಚಕ್ಕೆಯೆದ್ದಿತು.

"ಇಡೋ ಅಳತೆ ತಗೊಂಡೆ, ಎತ್ತೋ ಅಳತೆ?" ಖದ್ದೂಜಾ ಮೇಸ್ತ್ರಿಗೆ ತಿವಿದಳು. "ಹುಟ್ಟಿದಾಗಿಂದ ಒಂದು ಸಲ ಆದ್ರೂ ಇದನ್ನ ಎತ್ತಿದ್ಯೇನೋ?"

"ನಮ್ಮನೇಲಿ ನನ್ನವಳೇ ಎತ್ತೋದು..." ಲಝ್ಹರ್ ತಲೆ ಕೆರೆದುಕೊಂಡ. "ಒಲೆ ಸ್ವಲ್ಪ ಮುಂದಕ್ಕೆ ಎಳೀರಿ ಅಕ್ಕಾ."

"ಕಟ್ಟೆ ಇರೋದೇ ಒಲೆಯಗಲ, ಎಳೆದ್ರೆ ನನ್ನ ಕಾಲ ಮೇಲೆ ಬೀಳುತ್ತೆ! ಕಪಾಟು ಮೇಲಕ್ಕೆ ಹೊಡಿ."

"ಮೇಲೆ ಬರೀ ಪುಡಿ ಗಾರೆ. ಮೊಳೆ ಹಿಡಿದಿದ್ದು ಇದೊಂದೇ ಕಡೆ."

ದಲಂದಾಗೆ ಅವನ ಮೇಲಿಗಿಂತ ತನ್ನ ಮೇಲೇ ರೇಗಿತು. ಶುಕ್ರವಾರ ಬಂದರೆ ಕೂಸ್ಕೂಸ್‌ಗೆ ಆ ಪಾತ್ರೆ ಎತ್ತುವವಳು ತಾನು. ಅವನು ಮೊಳೆ ಹೊಡೆಯುವಾಗ ಕಪಾಟಿನ ಇನ್ನೊಂದು ತುದಿ ಹಿಡಿದು, "ಭೇಷ್, ಭೇಷ್" ಅಂದವಳೂ ತಾನೇ.

"ಹೋಗ್ಲಿ ಬಿಡು, ಒಲೆ ಕೆಳಗಿಳಿಸು," ಎಂದಳು ಅತ್ತೆ. "ಮಣೆ ಎಲ್ಲೂ ಹೋಗಿಲ್ಲ."

"ಕಪಾಟು ಕೀಳು, ಲಝ್ಹರ್."

"ಗಾರೆನೂ ಕಿತ್ಕೊಂಡು ಬರುತ್ತೆ ಅಕ್ಕಾ!"

"ಗೋಡೆನೇ ಬರ್ಲಿ. ನಾನಂತೂ ಇನ್ನು ಕೆಳಗೆ ಕೂರಲ್ಲ."

ಅವಳು ಹರಿವಾಣವನ್ನು ಪಾತ್ರೆಯ ಮೇಲೆ ಮುಚ್ಚಿ ಹಿಡಿದಳು. ಕಪಾಟು ಬಂತು, ಜೊತೆಗೆ ರೊಟ್ಟಿಯಗಲದ ಗಾರೆಯೂ. ಇಡಲು ಬೇರೆ ಜಾಗವಿಲ್ಲದೆ ಲಝ್ಹರ್ ಕಪಾಟನ್ನು ನೆಲದ ಮೇಲೆ ಮಲಗಿಸಿದ. ದಲಂದಾ ನಿಂತೇ ಪಾತ್ರೆ ಎತ್ತಿದಳು. ಹಬೆ ಮುಖಕ್ಕೆ ರಾಚಿತು. ಖದ್ದೂಜಾ ಬಂದು, ಹಸಿರು ಕಪಾಟನ್ನು ಸೆರಗಲ್ಲಿ ಒರೆಸಿ, ಅದರ ಮೇಲೆ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು.