ಗರಗಸದ ಲಾಡಿ

ಮಾವ ಶೆಡ್ಡಿನೊಳಗೆ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಕೈ ನಡುಗುವುದು ಶುರುವಾದ ಮೇಲೆ ಅವರು ಕೂರುವುದೇ ಹಾಗೆ. ಎದುರಿನ ಬೆಂಚಿನ ಮೇಲೆ ಅವರ ಮೆಷಿನ್ ಗರಗಸ. ಅದನ್ನು ಚಾಲೂ ಮಾಡಲು ಎಳೆಯುವ ಹಗ್ಗ ತುಂಡಾಗಿ, ಹಿಡಿಕೆ ನೆಲದ ಮೇಲೆ ಬಿದ್ದಿತ್ತು.

"ಎಳೆದ್ರಾ?"

"ಒಂದೇ ಒಂದ್ಸಲ."

"ಮಾವಾ..."

"ಸರಿ, ಆರು ಸಲ."

ಅಪ್ಪ ಇನ್ನೊಮ್ಮೆ ಇದನ್ನು ಮುಟ್ಟಿದರೆ ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ನನ್ನ ಗಂಡ ಹೋದ ವಾರವಷ್ಟೇ ಹೇಳಿದ್ದರು. ಅವರ ಭಯ ಸುಳ್ಳಲ್ಲ. ಆದರೆ ನಲವತ್ತು ವರ್ಷ ಮರ ಕೊಯ್ದ ಮನುಷ್ಯ, ಖಾಲಿ ಬೆಂಚಿನ ಎದುರು ಹೀಗೆ ಕೂತಿರುವುದನ್ನು ನೆನೆಸಿಕೊಳ್ಳಲೂ ನನಗೆ ಮನಸ್ಸಾಗಲಿಲ್ಲ.

"ಅವನು ಬರೋಕೆ ಇನ್ನೂ ಒಂದು ಗಂಟೆ ಇದೆ," ಎಂದರು ಮಾವ, ಗೋಡೆ ನೋಡುತ್ತ. "ಹೊಸ ಹಗ್ಗ ಡಬ್ಬಿಯಲ್ಲಿದೆ."

ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕದ ಮುಚ್ಚಳ ತೆಗೆದೆ. ಒಳಗೊಂದು ಪುಟ್ಟ ಚಕ್ರ, ಅದರ ಅಡಿಯಲ್ಲಿ ಸುರುಳಿ ಸುತ್ತಿದ ಸ್ಪ್ರಿಂಗು. ಉಳಿದ ತುಂಡು ಹಗ್ಗ ಚಕ್ರದಲ್ಲಿ ಅಡಗಿ ಕೂತಿತ್ತು.

"ಅಯ್ಯೋ, ಪೈಜಾಮದ ಲಾಡಿ ಥರಾನೇ! ನಿಮ್ಮ ಮಗಂದು ವಾರಕ್ಕೊಂದ್ಸಲ ಒಳಗೆ ಸೇರ್ಕೊಳ್ಳುತ್ತೆ. ತೆಗೆದು ತೆಗೆದು ನನಗೆ ಸಾಕಾಗಿದೆ."

ಮಾವ ಕಿಸಕ್ಕನೆ ನಕ್ಕರು. ಎಷ್ಟೋ ದಿನದ ಮೇಲೆ.

ಹಳೆಯ ತುಂಡನ್ನು ಎಳೆದು ತೆಗೆದು, ಹೊಸ ಹಗ್ಗದ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು, ಚಕ್ರದ ತೂತಿನಲ್ಲಿ ತೂರಿಸಿ, ಗಂಟು ಹಾಕಿದೆ. ಇನ್ನೊಂದು ತುದಿಗೆ ಹಿಡಿಕೆ.

"ಈಗ ಚಕ್ರಕ್ಕೆ ಸುತ್ತು. ಆಮೇಲೆ ಸ್ಪ್ರಿಂಗು ಬಿಗಿಯಾಗೋಕೆ ಇನ್ನೂ ಮೂರು ಸುತ್ತು. ಕೈ ಮಾತ್ರ ಬಿಡ್ಬೇಡಮ್ಮ."

ಮೂರನೆಯ ಸುತ್ತಿಗೆ ಬೆರಳು ಜಾರಿತು. ಚಕ್ರ ಗಿರ್ರನೆ ತಿರುಗಿ, ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು. ಮಾವನ ಬಲಗೈ ತೊಡೆಯ ಕೆಳಗಿನಿಂದ ಅರ್ಧ ಹೊರಗೆ ಬಂತು. ಅದರ ನಡುಕವನ್ನು ಅವರೇ ಒಂದು ಗಳಿಗೆ ನೋಡಿ, ಮೆಲ್ಲಗೆ ಮತ್ತೆ ಒಳಗಿಟ್ಟುಕೊಂಡರು.

"ಮೊದಲನೇ ಸಲ ನಾನೂ ಬಿಟ್ಟಿದ್ದೆ," ಎಂದರು. "ಮತ್ತೆ ಸುತ್ತು."

ಈ ಸಲ ಬಿಡಲಿಲ್ಲ. ಸ್ಕ್ರೂ ಬಿಗಿದು ಮೆಷಿನ್ನನ್ನು ಅವರತ್ತ ತಿರುಗಿಸಿದೆ. ತಿರುಗಿಸಿದ ಮೇಲೇ ಅವರ ಕೈಯ ನೆನಪಾಯಿತು. ಅವರು ಹಿಡಿಕೆಯನ್ನೇ ನೋಡಿದರು.

"ನೀನೇ ಎಳಿ. ಕೆಳಗಿಟ್ಟು, ಕಾಲಲ್ಲಿ ಒತ್ತಿ ಹಿಡ್ಕೊಂಡು, ನೇರಕ್ಕೆ. ನಾನು ಓರೆಯಾಗಿ ಎಳೆದೇ ಅದು ತುಂಡಾಗಿದ್ದು. ಇನ್ನು ಈ ಕೈಗೆ ಅದು ಆಗಲ್ಲ."

ಆ ಮಾತನ್ನು ಅವರು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಮೂರನೆಯ ಎಳೆತಕ್ಕೆ ಮೆಷಿನ್ನು ಗುಡುಗಿತು. ಮಾವ ಕಣ್ಣು ಮುಚ್ಚಿ ಕೇಳಿದರು.

ಮೆಷಿನ್ನು ಆರಿಸುವಷ್ಟರಲ್ಲಿ ಬಾಗಿಲಲ್ಲಿ ನನ್ನ ಗಂಡ.

"ಅಪ್ಪಾ, ಮತ್ತೆ ಮುಟ್ಟಿದ್ಯಾ?"

"ಲಾಡಿ ಹಾಕಿದ್ದು ನಿನ್ನ ಹೆಂಡ್ತಿ ಕಣೋ. ನನ್ನ ಕೈ ಎಲ್ಲಿದೆ ನೋಡು."

"ಇದನ್ನ ಯಾರಿಗೂ ಕೊಡೋದು ಬೇಡ," ಎಂದೆ ನಾನು. "ನಾನು ಕಲೀತಿದ್ದೀನಿ. ಮಾವ ಹೇಳಿಕೊಡ್ತಾರೆ."

ಗಂಡ ನನ್ನನ್ನೂ ಅಪ್ಪನನ್ನೂ ಗರಗಸವನ್ನೂ ನೋಡಿದರು. ಆಮೇಲೆ ಯಾಕೋ ಅನುಮಾನದಿಂದ ತಮ್ಮ ಸೊಂಟ ಮುಟ್ಟಿಕೊಂಡರು.

"ಯಾವ ಲಾಡಿ?"

ಮಾವ ನಗು ತಡೆಯಲಾರದೆ, ಎರಡೂ ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದು ಬಾಯಿ ಮುಚ್ಚಿಕೊಂಡರು.